ಗಾತ್ರ, ಸಾಂದ್ರತೆ, ಹರಿವು: ತೂಗಲು ಆಗುವುದಾದರೆ ತೂಗಿ

ಲ್ಯಾಬಿಗೆ ಹೊಸದಾಗಿ ಬರುವ ಮಕ್ಕಳಿಗೆ ನಾನು ಮೊದಲು ಹೇಳುವ ಮಾತು ಒಂದೇ. ತೂಗಲು ಆಗುವುದಾದರೆ ತೂಗಿ. ಗೆರೆ ನೋಡಿ ಓದುವುದು ಆಮೇಲೆ.

ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು. ಪಿಯುಸಿವರೆಗೆ ಕನ್ನಡದಲ್ಲೇ ಯೋಚನೆ ಮಾಡಿ ಬಂದ ಮಕ್ಕಳು ಇಲ್ಲಿ ವೈವಾ (ಮೌಖಿಕ ಪರೀಕ್ಷೆ) ಬಂದರೆ ಬಾಯಿ ಕಟ್ಟಿದಂತೆ ನಿಲ್ಲುತ್ತಾರೆ. ಕೈಯಲ್ಲಿ ಕೆಲಸ ಚೆನ್ನಾಗಿ ಮಾಡಿರುತ್ತಾರೆ, ಯಾಕೆ ಹಾಗೆ ಮಾಡಿದೆವು ಅಂತ ಹೇಳಲು ಆಗುವುದಿಲ್ಲ. ಅವರಿಗೋಸ್ಕರ ಇದನ್ನು ಬರೆದಿದ್ದೇನೆ. ಹೈಸ್ಕೂಲಿನಲ್ಲಿ ಸೈನ್ಸ್ ಪ್ರಾಜೆಕ್ಟ್ ಮಾಡುವವರಿಗೂ ಮುಕ್ಕಾಲು ಭಾಗ ಉಪಯೋಗಕ್ಕೆ ಬರುತ್ತದೆ.

ತೂಕದ ಮೇಲೆ ಇಷ್ಟೊಂದು ನಂಬಿಕೆ ಯಾಕೆ? 100 ಮಿ.ಲೀ. ಮೆಷರಿಂಗ್ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಒಂದೊಂದು ಮಿ.ಲೀ.ಗೆ ಒಂದು ಗೆರೆ ಇರುತ್ತದೆ. ಕಣ್ಣಲ್ಲಿ ಅರ್ಧ ಮಿ.ಲೀ. ಹಿಡಿದರೆ ದೊಡ್ಡದು. ಅದೇ ನೀರನ್ನು 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ಇಟ್ಟರೆ ಐವತ್ತು ಪಟ್ಟು ಸೂಕ್ಷ್ಮವಾಗಿ ತಿಳಿಯುತ್ತದೆ. ತೂಕದಿಂದ ಗಾತ್ರಕ್ಕೆ ಬರಲು ನೀರಿನ ಸಾಂದ್ರತೆ ಗೊತ್ತಿದ್ದರೆ ಸಾಕು. 20 ಡಿಗ್ರಿಯಲ್ಲಿ ಒಂದು ಮಿ.ಲೀ. ನೀರು 0.9982 ಗ್ರಾಂ, 25ರಲ್ಲಿ 0.9970, 30ರಲ್ಲಿ 0.9957. ಡಿಸೆಂಬರ್ ಬೆಳಗ್ಗೆಗೂ ಏಪ್ರಿಲ್ ಮಧ್ಯಾಹ್ನಕ್ಕೂ ನಮ್ಮೂರಿನಲ್ಲಿ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಇಷ್ಟರೊಳಗೆ ಬರುತ್ತದೆ. ಅಂದರೆ ನೂರಕ್ಕೆ 0.25ರಷ್ಟು. ಬಕೆಟ್ ಲೆಕ್ಕಕ್ಕೆ ಅದನ್ನು ಬಿಟ್ಟುಬಿಡಬಹುದು. ಡೆನ್ಸಿಟಿ ಬಾಟಲ್ (ದ್ರವದ ಸಾಂದ್ರತೆ ತೆಗೆಯುವ ಸಣ್ಣ ಬಾಟಲಿ) ಲೆಕ್ಕಕ್ಕೆ ಬಿಡಬಾರದು. ಆದ್ದರಿಂದ ಥರ್ಮಾಮೀಟರ್ ಜೇಬಿನಲ್ಲಿರಲಿ.

ಗಾಜಿನ ಪಾತ್ರೆಗಳ ವಿಷಯ

ಬೀಕರ್ ಮೇಲಿನ ಗೆರೆಗಳನ್ನು ನಂಬಬೇಡಿ. ನೂರಕ್ಕೆ ಐದರಷ್ಟು ಆಚೀಚೆ ಇರುವುದು ಮಾಮೂಲು. ಅವು ಅಂದಾಜಿಗೆ ಮಾತ್ರ.

ಸಿಲಿಂಡರ್ ಆರಿಸುವಾಗ ನಿಮ್ಮ ಅಳತೆಗೆ ಸಾಕಾಗುವ ಅತಿ ಚಿಕ್ಕದನ್ನು ಆರಿಸಿ. 10 ಮಿ.ಲೀ. ಬೇಕಾದಾಗ 100ರ ಸಿಲಿಂಡರ್ ಎತ್ತಿಕೊಂಡರೆ, ಆ ಅರ್ಧ ಮಿ.ಲೀ. ತಪ್ಪೇ ನೂರಕ್ಕೆ ಐದಾಗುತ್ತದೆ. ಕೈಯಲ್ಲಿ ಎತ್ತಿ ಹಿಡಿದು ಓದಬೇಡಿ. ಮೇಜಿನ ಮೇಲಿಟ್ಟು ನೀವೇ ಬಗ್ಗಿ, ಕಣ್ಣು ನೀರಿನ ಮಟ್ಟಕ್ಕೆ ಬರಲಿ. ನೀರಿನ ಮೈ ಬಟ್ಟಲಿನ ಹಾಗೆ ಬಾಗಿರುತ್ತದೆ, ಅದರ ತಳ ಓದಬೇಕು. ಪಾದರಸ ಉಬ್ಬಿರುತ್ತದೆ, ಅದಕ್ಕೆ ನೆತ್ತಿ ಓದಬೇಕು.

ಪಿಪೆಟ್ಟಿನ ಕೊನೆಯ ಹನಿಯನ್ನು ಊದಿ ಹಾಕುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಗಾಜಿನ ಮೇಲೆ ಟಿಡಿ ಅಂತ ಇದ್ದರೆ, ತಾನಾಗಿ ಸುರಿದು ಹೋದದ್ದು ಅಷ್ಟು ಅಂತ ಲೆಕ್ಕ. ತುದಿಯಲ್ಲಿ ಉಳಿಯುವ ಹನಿಯನ್ನು ಬಿಟ್ಟೇ ಗೆರೆ ಹಾಕಿರುತ್ತಾರೆ. ಸ್ಟ್ಯಾಂಡರ್ಡ್ ಫ್ಲಾಸ್ಕಿನ ಮೇಲೆ ಟಿಸಿ ಅಂತ ಇರುತ್ತದೆ. ಅದು ಒಳಗೆ ಹಿಡಿಯುವ ಅಳತೆ. ಸುರಿದರೆ ಗೋಡೆಗೆ ಅಂಟಿದ್ದು ಕಳೆದು ಸ್ವಲ್ಪ ಕಡಿಮೆಯೇ ಬರುತ್ತದೆ. ಬ್ಯೂರೆಟ್ ತುಂಬಿಸಿದ ಮೇಲೆ ಫನಲ್ ತೆಗೆಯಿರಿ, ನಲ್ಲಿಯ ಕೆಳಗಿನ ಗಾಳಿಗುಳ್ಳೆ ಹೋಗುವವರೆಗೆ ಬಿಡಿ. ಆಮೇಲೆ ಶುರು.

ನಿಮ್ಮ ಪಿಪೆಟ್ ಸರಿ ಇದೆಯಾ ಅಂತ ಪರೀಕ್ಷಿಸಬೇಕಾ? 25 ಮಿ.ಲೀ. ನೀರನ್ನು ತೂಗಿದ ಬೀಕರಿಗೆ ಬಿಟ್ಟು ಮತ್ತೆ ತೂಗಿ. 27 ಡಿಗ್ರಿಯಲ್ಲಿ ಸುಮಾರು 24.9 ಗ್ರಾಂ ಬರಬೇಕು. ಸರಿಯಾಗಿ 25.00 ಬಂದರೆ ಖುಷಿಪಡುವವರು ಜಾಸ್ತಿ. ಹಾಗೆ ಬಂದರೆ ನಿಮ್ಮ ಕೈ ಸ್ವಲ್ಪ ಜಾಸ್ತಿ ನೀರು ಬಿಡುತ್ತಿದೆ ಅಂತ ಅರ್ಥ.

ಜಲ್ಲಿ ಕಲ್ಲಿನ ಸಾಂದ್ರತೆ

ನನಗೆ ತುಂಬ ಇಷ್ಟವಾದ ಪ್ರಯೋಗ ಇದು. ಖರ್ಚಿಲ್ಲ, ಮನೆಯಲ್ಲೂ ಮಾಡಬಹುದು.

ಬೆಂಗಳೂರಿನ ಯಾವ ರಸ್ತೆಗೆ ಹೋದರೂ ಮನೆ ಕಟ್ಟುವ ಕಡೆ ಜಲ್ಲಿ ರಾಶಿ ಇರುತ್ತದೆ. ಕೇಳಿ ಒಂದು 40 ಮಿ.ಮೀ. ಜಲ್ಲಿ ತನ್ನಿ. ಚೆನ್ನಾಗಿ ತೊಳೆದು ಒಣಗಿಸಿ ತೂಗಿ. 62.4 ಗ್ರಾಂ ಬಂತು ಅಂತಿಟ್ಟುಕೊಳ್ಳಿ. ಈಗ ಗಾತ್ರ ಬೇಕು. ಪುಸ್ತಕದ ದಾರಿ ಸಿಲಿಂಡರಿನಲ್ಲಿ ಮುಳುಗಿಸಿ ನೀರು ಎಷ್ಟು ಏರಿತು ಅಂತ ನೋಡುವುದು. ಈ ಕಲ್ಲು 100ರ ಸಿಲಿಂಡರಿನ ಬಾಯಿಗೆ ಇಳಿಯುವುದೇ ಕಷ್ಟ. ಇಳಿದರೂ ಎರಡು ಸಲ ಓದಬೇಕು, ಎರಡು ಸಲವೂ ಅರ್ಧರ್ಧ ಮಿ.ಲೀ. ಸಂಶಯ. ಅಲ್ಲಿಗೆ ತಪ್ಪು ನೂರಕ್ಕೆ ನಾಲ್ಕರವರೆಗೆ ಹೋಯಿತು.

ಬದಲಿಗೆ ಹೀಗೆ ಮಾಡಿ. ತಕ್ಕಡಿಯ ಮೇಲೆ ಅರ್ಧ ನೀರಿರುವ ಬೀಕರ್ ಇಟ್ಟು ಸೊನ್ನೆ ಮಾಡಿಕೊಳ್ಳಿ. ಕಲ್ಲಿಗೆ ಹೊಲಿಗೆ ದಾರ ಕಟ್ಟಿ. ದಾರದ ಮೇಲಿನ ತುದಿಯನ್ನು ಸ್ಟ್ಯಾಂಡಿಗೆ ಕಟ್ಟಿದರೆ ಒಳ್ಳೆಯದು, ಕೈಯಲ್ಲಿ ಹಿಡಿದರೆ ಅಂಕಿ ಕುಣಿಯುತ್ತದೆ. ಕಲ್ಲು ಪೂರ್ತಿ ಮುಳುಗಬೇಕು. ತಳಕ್ಕೂ ತಾಗಬಾರದು, ಬೀಕರಿನ ಗೋಡೆಗೂ ತಾಗಬಾರದು. ಈಗ ತಕ್ಕಡಿ 23.3 ತೋರಿಸುತ್ತದೆ. ಆ ಅಂಕಿಯೇ ಕಲ್ಲು ಪಕ್ಕಕ್ಕೆ ಸರಿಸಿದ ನೀರಿನ ತೂಕ. 0.997ರಿಂದ ಭಾಗಿಸಿದರೆ ಗಾತ್ರ 23.4 ಘನ ಸೆಂ.ಮೀ. ಸಾಂದ್ರತೆ 62.4 ಭಾಗಿಸು 23.4, ಅಂದರೆ 2.67.

ಕಲ್ಲು ದಾರದಲ್ಲಿ ನೇತಾಡುತ್ತಿದೆ, ಆದರೂ ತಕ್ಕಡಿ ಯಾಕೆ ಏರಿತು? ಈ ಪ್ರಶ್ನೆ ವೈವಾದಲ್ಲಿ ಬಂದೇ ಬರುತ್ತದೆ. ನೀರು ಕಲ್ಲನ್ನು ಮೇಲಕ್ಕೆ ದೂಡುತ್ತದೆ, ಸರಿದ ನೀರಿನ ತೂಕದಷ್ಟು. ಕಲ್ಲು ನೀರನ್ನು ಅಷ್ಟೇ ಬಲದಿಂದ ಕೆಳಕ್ಕೆ ದೂಡುತ್ತದೆ. ನೀರು ಬೀಕರಿನಲ್ಲಿದೆ, ಬೀಕರ್ ತಕ್ಕಡಿಯ ಮೇಲಿದೆ. ಆರ್ಕಿಮಿಡೀಸ್ ಮತ್ತು ನ್ಯೂಟನ್ ಇಬ್ಬರೂ ಒಂದೇ ಬೀಕರಿನಲ್ಲಿ ಸಿಗುತ್ತಾರೆ. ಕಲ್ಲು ತಳಕ್ಕೆ ತಾಗಿದ ಕ್ಷಣ ಅಂಕಿ ದಢಕ್ಕನೆ ಮೇಲೆ ಹೋಗುತ್ತದೆ, ಯಾಕೆಂದರೆ ದಾರ ಹೊತ್ತಿದ್ದ ಭಾರವೂ ತಕ್ಕಡಿಗೆ ಇಳಿಯುತ್ತದೆ. ಒಮ್ಮೆ ಬೇಕಂತಲೇ ತಾಗಿಸಿ ನೋಡಿ. ಪಾಠ ತಲೆಗೆ ಹೋಗುತ್ತದೆ.

2.6ರಿಂದ 2.75ರೊಳಗೆ ಬಂದರೆ ನಿಮ್ಮ ಕೆಲಸ ಸರಿಯಾಗಿದೆ. ನಮ್ಮ ಸುತ್ತಮುತ್ತಲ ಗ್ರಾನೈಟ್, ನೈಸ್ ಕಲ್ಲುಗಳು ಆ ಅಳತೆಯವು. ಲಾಲ್‌ಬಾಗ್ ಗುಡ್ಡದ ಬಂಡೆಯೂ ನೈಸೇ, ವಯಸ್ಸು ಸುಮಾರು 300 ಕೋಟಿ ವರ್ಷ. ಆದರೆ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಂದ ಚೂರು ಕೂಡ ಮುರಿಯಬೇಡಿ. 2.4 ಬಂದರೆ ಕಲ್ಲಿನ ಮೇಲೆ ಗಾಳಿಗುಳ್ಳೆ ಕೂತಿರಬಹುದು, ಬ್ರಷ್ಷಿನಿಂದ ಸವರಿ ಮತ್ತೆ ಓದಿ. ಇಟ್ಟಿಗೆ ಚೂರು ನೀರು ಕುಡಿಯುತ್ತದೆ. ಅದನ್ನು ಒಂದು ದಿನ ನೆನೆಸಿ, ಮೈ ಒರೆಸಿ, ಆಮೇಲೆ ಮುಳುಗಿಸಬೇಕು. ತೇಲುವ ಮೇಣ, ಮರದ ತುಂಡಿಗೆ ಇನ್ನೂ ಸುಲಭ: ಸಣ್ಣ ಸೂಜಿಯಿಂದ ಪೂರ್ತಿ ಮುಳುಗುವಷ್ಟು ಒತ್ತಿ ಹಿಡಿದರೆ ತಕ್ಕಡಿಯ ಅಂಕಿ ಗಾತ್ರವನ್ನೇ ಕೊಡುತ್ತದೆ.

ದ್ರವಗಳಿಗೆ ಡೆನ್ಸಿಟಿ ಬಾಟಲ್. ಖಾಲಿ ತೂಗಿ, ದ್ರವ ತುಂಬಿ ತೂಗಿ, ನೀರು ತುಂಬಿ ತೂಗಿ. ಅಷ್ಟೇ. ಆದರೆ ಬಾಟಲಿನ ಹೊಟ್ಟೆಯನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ಕೈಯ ಬಿಸಿಗೆ ದ್ರವ ಹಿಗ್ಗಿ ಮುಚ್ಚಳದ ಸಣ್ಣ ರಂಧ್ರದಿಂದ ಹನಿಯಾಗಿ ಹೊರಬರುತ್ತದೆ, ನೀವು ಅದನ್ನು ಒರೆಸುತ್ತೀರಿ, ತೂಕ ಇಳಿಯುತ್ತದೆ, ಮತ್ತೆ ಹನಿ ಬರುತ್ತದೆ. ಕತ್ತು ಹಿಡಿದು ಎತ್ತಿ. ಮುಚ್ಚಳ ಹಾಕಿದ ಮೇಲೆ ರಂಧ್ರದ ತುದಿಯವರೆಗೆ ದ್ರವ ಇರಬೇಕು. ಕಡಲೆಕಾಯಿ ಎಣ್ಣೆಯಿಂದ ಶುರು ಮಾಡಿ. ಎಣ್ಣೆ ಪ್ಯಾಕೆಟ್ ಮೇಲೆ ಲೀಟರೂ ಇರುತ್ತದೆ, ಗ್ರಾಮೂ ಇರುತ್ತದೆ. ಒಂದು ಲೀಟರಿಗೆ ಸುಮಾರು 910 ಗ್ರಾಂ. ನಿಮ್ಮ ಉತ್ತರ 0.91ರ ಹತ್ತಿರ ಬರಬೇಕು.

ಹಾಲಿಗೆ ಲ್ಯಾಕ್ಟೋಮೀಟರ್ ಇದೆ. 28 ಅಂತ ತೋರಿಸಿದರೆ 1.028 ಅಂತ ಓದಿಕೊಳ್ಳಿ. ಆದರೆ ಅದೊಂದನ್ನೇ ನಂಬಿ ಹಾಲಿಗೆ ನೀರು ಬೆರೆಸಿದ್ದಾರೆ ಅಂತ ತೀರ್ಮಾನಿಸಬೇಡಿ. ನೀರು ಬೆರೆಸಿದರೆ ಸಾಂದ್ರತೆ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಮಾಡಿದವನ ಹಾಲು ಲ್ಯಾಕ್ಟೋಮೀಟರಿನಲ್ಲಿ ಪಾಸಾಗುತ್ತದೆ.

ಬಕೆಟ್ ಮತ್ತು ಸ್ಟಾಪ್‌ವಾಚ್

ಹರಿವು ಅಂದರೆ ಗಾತ್ರವನ್ನು ಸಮಯದಿಂದ ಭಾಗಿಸುವುದು. ಗಾತ್ರವನ್ನು ತೂಗಿ ತಿಳಿಯಬಹುದು ಅಂತ ಆಯಿತು. ಉಳಿದದ್ದು ಸಮಯ. ಗುಂಡಿ ಒತ್ತುವ ಬೆರಳು ಶುರುವಿಗೂ ಕೊನೆಗೂ ಸೇರಿ 0.3 ಸೆಕೆಂಡ್ ತಪ್ಪು ಮಾಡುತ್ತದೆ ಅಂದುಕೊಳ್ಳಿ. ಒಂದು ಲೀಟರಿನ ಜಗ್ಗು 5 ಸೆಕೆಂಡಿನಲ್ಲಿ ತುಂಬಿದರೆ ನೂರಕ್ಕೆ ಆರು ತಪ್ಪು. ದೊಡ್ಡ ಬಕೆಟ್ಟಿಗೆ 50 ಸೆಕೆಂಡ್ ಹಿಡಿದರೆ ನೂರಕ್ಕೆ 0.6. ಬೆರಳು ಅದೇ, ಬಕೆಟ್ ಮಾತ್ರ ದೊಡ್ಡದು.

ಮೊದಲು ನಲ್ಲಿ ತಿರುಗಿಸಿ ನೀರು ಹಾಗೇ ಹರಿಯಲು ಬಿಡಿ, ಇನ್ನೊಂದು ಬಕೆಟ್ಟಿಗೆ. ಹರಿವು ಒಂದೇ ಸಮಕ್ಕೆ ಬಂದ ಮೇಲೆ ತೂಗಿದ ಬಕೆಟ್ಟನ್ನು ಧಾರೆಯ ಕೆಳಗೆ ಸರಿಸಿ, ಅದೇ ಹೊತ್ತಿಗೆ ಗುಂಡಿ ಒತ್ತಿ. ತೆಗೆಯುವಾಗಲೂ ಬಕೆಟ್ಟನ್ನೇ ಸರಿಸಿ, ನಲ್ಲಿ ಮುಟ್ಟಬೇಡಿ. ಗುಜರಿಯವರು ಬಳಸುವ ನೇತಾಡುವ ಡಿಜಿಟಲ್ ತಕ್ಕಡಿ ಈ ಕೆಲಸಕ್ಕೆ ಧಾರಾಳ ಸಾಕು. ಖಾಲಿ ಬಕೆಟ್ 0.42 ಕೆಜಿ, ನೀರು ಸೇರಿ 9.86, ಸಮಯ 48.6 ಸೆಕೆಂಡ್ ಅಂತಿರಲಿ. 9.44 ಕೆಜಿ ನೀರು. ಲೆಕ್ಕ ಹಾಕಿದರೆ ನಿಮಿಷಕ್ಕೆ 11.7 ಲೀಟರ್. ಓವರ್‌ಹೆಡ್ ಟ್ಯಾಂಕಿನ ನಲ್ಲಿಯಾದರೆ ಟ್ಯಾಂಕಿನ ಮಟ್ಟ ಇಳಿದಂತೆ ಹರಿವೂ ಇಳಿಯುತ್ತದೆ, ಪಕ್ಕದ ಬಾತ್‌ರೂಮಿನಲ್ಲಿ ಫ್ಲಶ್ ಮಾಡಿದರೂ ಬದಲಾಗುತ್ತದೆ. ಮೂರು ಸಲ ತೆಗೆದು ಮೂರನ್ನೂ ಬರೆಯಿರಿ. 2024ರ ಮಾರ್ಚಿನಲ್ಲಿ ನೀರಿಗೆ ಬರ ಬಂದಾಗ ಜಲಮಂಡಳಿ ನಲ್ಲಿಗಳಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಜಾಲರಿ) ಹಾಕಿಸಲು ಹೊರಟಿತ್ತಲ್ಲ, ಏರೇಟರ್ ಇದ್ದಾಗ ಎಷ್ಟು, ತೆಗೆದಾಗ ಎಷ್ಟು ಅಂತ ಅಳೆದರೆ ಒಳ್ಳೆಯ ಶಾಲಾ ಪ್ರಾಜೆಕ್ಟ್ ಆಗುತ್ತದೆ.

ಈಗ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಸೆನ್ಸರ್ ವಿಷಯ. ಪ್ರತಿ ವರ್ಷ ಸ್ಮಾರ್ಟ್ ವಾಟರ್ ಮೀಟರ್ ಪ್ರಾಜೆಕ್ಟ್ ಮಾಡುವವರು ವೈಎಫ್-ಎಸ್201 ಅನ್ನುವ ಫ್ಲೋ ಸೆನ್ಸರ್ ತರುತ್ತಾರೆ. ಒಳಗೆ ಅಯಸ್ಕಾಂತ ಇರುವ ಸಣ್ಣ ಚಕ್ರ, ಅದು ತಿರುಗಿದಂತೆ ಪಲ್ಸ್ (ಎಣಿಸಬಹುದಾದ ವಿದ್ಯುತ್ ಮಿಡಿತ) ಬರುತ್ತದೆ. ಲೀಟರಿಗೆ 450 ಪಲ್ಸ್ ಅಂತ ಎಲ್ಲರೂ ಕೋಡಿನಲ್ಲಿ ಹಾಕುತ್ತಾರೆ, ಹಾಕಿ ಮುಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಕೈಯಲ್ಲಿರುವ ಸೆನ್ಸರಿಗೆ ಬಕೆಟ್ ತೂಗಿ ಲೆಕ್ಕ ಹಾಕಿ. 10 ಲೀಟರ್ ಹೋಗುವಷ್ಟರಲ್ಲಿ 4310 ಪಲ್ಸ್ ಬಂದರೆ ನಿಮ್ಮದು ಲೀಟರಿಗೆ 431. ನಲ್ಲಿ ಕಡಿಮೆ, ಮಧ್ಯಮ, ಪೂರ್ತಿ, ಮೂರರಲ್ಲೂ ತೆಗೆಯಿರಿ, ಮೂರೂ ಒಂದೇ ಬರುವುದು ಅಪರೂಪ. ಇದರ ವ್ಯಾಪ್ತಿ ನಿಮಿಷಕ್ಕೆ 1ರಿಂದ 30 ಲೀಟರ್. ತೊಟ್ಟಿಕ್ಕುವ ನಲ್ಲಿಗೆ ಚಕ್ರ ಅಲ್ಲಾಡುವುದೇ ಇಲ್ಲ, ಹಾಗಾಗಿ ಸೋರಿಕೆ ಪತ್ತೆ ಮಾಡುತ್ತೇವೆ ಅಂತ ರಿಪೋರ್ಟಿನಲ್ಲಿ ಬರೆಯುವ ಮುಂಚೆ ಯೋಚಿಸಿ. ಇನ್ನೊಂದು: ದಿನ ಬಿಟ್ಟು ದಿನ ಕಾವೇರಿ ನೀರು ಬರುವ ಏರಿಯಾದಲ್ಲಿ ನೀರಿಗಿಂತ ಮೊದಲು ಪೈಪಿನ ಗಾಳಿ ಬರುತ್ತದೆ. ಗಾಳಿಗೂ ಚಕ್ರ ಗಿರಗಿರ ತಿರುಗುತ್ತದೆ, ನಿಮ್ಮ ಕೋಡ್ ಅದನ್ನೂ ನೀರು ಅಂತಲೇ ಎಣಿಸುತ್ತದೆ.

ಎಷ್ಟು ಇಂಚು ನೀರು ಬಿತ್ತು?

ಬಕೆಟ್ಟಿಗೆ ಹಿಡಿಯದಷ್ಟು ನೀರು ಬಂದಾಗ ಏನು ಮಾಡುವುದು? ಇದಕ್ಕೆ ಬೋರ್‌ವೆಲ್ ಲಾರಿಯವರ ಹತ್ತಿರ ಉತ್ತರ ಇದೆ. ಬೋರ್ ಕೊರೆಸಿದವರನ್ನು ಎಲ್ಲರೂ ಕೇಳುವ ಪ್ರಶ್ನೆ, ಎಷ್ಟು ಇಂಚು ಬಿತ್ತು? ಆ ಇಂಚು ಪೈಪಿನ ಅಗಲ ಅಂತ ಅಂದುಕೊಂಡವರು ಬಹಳ ಜನ. ನೀರನ್ನು ಕಾಲುವೆ ಮಾಡಿ ಹರಿಸಿ, ಅಡ್ಡಲಾಗಿ ವಿ ಆಕಾರದಲ್ಲಿ ಕತ್ತರಿಸಿದ ತಗಡು ನಿಲ್ಲಿಸಿದರೆ, ಆ ವಿ ಒಳಗೆ ನೀರು ಎಷ್ಟು ಎತ್ತರಕ್ಕೆ ಹರಿಯುತ್ತದೋ ಅದೇ ಆ ಇಂಚು. ನಮ್ಮ ಲ್ಯಾಬಿನ ವಿ-ನಾಚ್ ಪ್ರಯೋಗವೂ ಅದೇ.

ವಿ-ನಾಚಿನಲ್ಲಿ ಹರಿವು ಎತ್ತರದ ಎರಡೂವರೆ ಘಾತಕ್ಕೆ ತಕ್ಕಂತೆ ಏರುತ್ತದೆ. 90 ಡಿಗ್ರಿ ನಾಚಿನಲ್ಲಿ ಒಂದು ಇಂಚು ಅಂದರೆ ಸೆಕೆಂಡಿಗೆ ಸುಮಾರು 0.14 ಲೀಟರ್, ಗಂಟೆಗೆ 500 ಲೀಟರ್. ಎರಡು ಇಂಚು ಅಂದರೆ ಸೆಕೆಂಡಿಗೆ 0.8, ಗಂಟೆಗೆ ಸುಮಾರು 2,900 ಲೀಟರ್. ಮೂರು ಇಂಚಿಗೆ ಗಂಟೆಗೆ ಸುಮಾರು 8,000. ಇಂಚು ಎರಡು ಪಟ್ಟಾದರೆ ನೀರು ಐದೂವರೆ ಪಟ್ಟಿಗಿಂತ ಜಾಸ್ತಿ. ನಿಮ್ಮ ತಾತನೋ ಮಾವನೋ ಊರಲ್ಲಿ ಬೋರ್ ಕೊರೆಸುತ್ತಿದ್ದರೆ ಇದನ್ನು ಅವರಿಗೆ ಹೇಳಿ, ಉಪಯೋಗವಾಗುತ್ತದೆ.

ಇದೇ ಕಾರಣಕ್ಕೆ ಎತ್ತರ ಓದುವಲ್ಲಿ ಸೋಮಾರಿತನ ನಡೆಯುವುದಿಲ್ಲ. 50 ಮಿ.ಮೀ. ಎತ್ತರದಲ್ಲಿ 2 ಮಿ.ಮೀ. ತಪ್ಪಿದರೆ ನೂರಕ್ಕೆ ನಾಲ್ಕು, ಹರಿವಿನಲ್ಲಿ ಅದು ನೂರಕ್ಕೆ ಹತ್ತು. ಎಲ್ಲಿ ಓದಬೇಕು ಅನ್ನುವುದು ಮುಖ್ಯ. ನಾಚಿನ ಬಾಯಿಯಲ್ಲೇ ಓದಬಾರದು, ಅಲ್ಲಿ ನೀರು ಆಗಲೇ ಕೆಳಕ್ಕೆ ಬಾಗಿರುತ್ತದೆ. ಎತ್ತರದ ಮೂರು ನಾಲ್ಕು ಪಟ್ಟು ಹಿಂದಕ್ಕೆ ಹೋಗಿ, ನೀರು ಶಾಂತವಾಗಿರುವ ಕಡೆ ಓದಿ. ನೀರಿನ ಮಟ್ಟ ಅಳೆಯುವ ಹುಕ್ ಗೇಜಿನ ಕೊಕ್ಕೆಯನ್ನು ನೀರೊಳಗೆ ಇಳಿಸಿ, ನಿಧಾನವಾಗಿ ಮೇಲೆತ್ತುತ್ತಾ ಬನ್ನಿ. ತುದಿ ನೀರಿನ ಮೈಯನ್ನು ಒಳಗಿನಿಂದ ಮುಟ್ಟುವಾಗ ಅಲ್ಲಿ ಸಣ್ಣ ಗುಬುಟು ಕಾಣುತ್ತದೆ. ಅದು ಒಡೆಯುವ ಮುಂಚೆ ನಿಲ್ಲಿಸಿ ಓದಿ.

ಸೊನ್ನೆ ತೆಗೆಯುವುದರಲ್ಲಿ ಇನ್ನೊಂದು ಬಲೆ ಇದೆ. ನಾಚಿನಿಂದ ನೀರು ಹನಿಯುವುದು ನಿಂತ ಮಟ್ಟವನ್ನೇ ಸೊನ್ನೆ ಅಂತ ಬರೆಯುತ್ತಾರೆ. ನೀರಿನ ಮೈ ಬಿಗಿತದಿಂದಾಗಿ ಅದು ವಿ ತುದಿಗಿಂತ ಸ್ವಲ್ಪ ಮೇಲೆಯೇ ನಿಂತಿರುತ್ತದೆ. ಕೊಕ್ಕೆಯ ತುದಿಯನ್ನು ಸ್ಪಿರಿಟ್ ಲೆವೆಲ್ ಇಟ್ಟು ನಾಚಿನ ತುದಿಗೆ ಸಮ ಮಾಡಿ ಸೊನ್ನೆ ತೆಗೆಯಿರಿ. ಹೊರಗೆ ಬೀಳುವ ನೀರು ತಗಡಿಗೆ ಅಂಟಿಕೊಂಡು ಇಳಿಯಬಾರದು, ಹಾರಿ ಬೀಳಬೇಕು.

ಲಾರಿ ಹತ್ತಿರ ನೋಡುವಾಗ ನೆನಪಿಡಿ, ಕಂಪ್ರೆಸರ್ ಊದುವಾಗ ನೀರು ಬಿಟ್ಟು ಬಿಟ್ಟು ನುಗ್ಗುತ್ತದೆ. ಆ ಹೊತ್ತಿನ ಇಂಚಿಗಿಂತ, ಮೋಟಾರ್ ಇಳಿಸಿ ಕೆಲವು ಗಂಟೆ ಓಡಿಸಿದ ಮೇಲೆ ಬರುವ ಅಳತೆಯೇ ನಿಜ.

ಲ್ಯಾಬಿನಲ್ಲಿ ನಾಚಿನ ಲೆಕ್ಕವನ್ನು ಕಲೆಕ್ಟಿಂಗ್ ಟ್ಯಾಂಕಿಗೆ (ಹರಿದ ನೀರನ್ನು ಹಿಡಿದು ಅಳೆಯುವ ತೊಟ್ಟಿ) ಹೋಲಿಸಿ ಸಿಡಿ ತೆಗೆಯುತ್ತೇವೆ, ಅಂದರೆ ನಿಜವಾದ ಹರಿವು ಲೆಕ್ಕದ ಹರಿವಿನ ಎಷ್ಟು ಭಾಗ ಅನ್ನುವ ಅಂಕಿ. ಟ್ಯಾಂಕಿನ ಒಳ ಅಳತೆಯನ್ನು ನೀವೇ ಟೇಪ್ ಹಿಡಿದು ತೆಗೆಯಿರಿ, ಹಳೆಯ ರೆಕಾರ್ಡಿನಿಂದ ಇಳಿಸಬೇಡಿ. ಹತ್ತು ಸೆಂ.ಮೀ. ಏರಲು 15 ಸೆಕೆಂಡೇ ಹಿಡಿಯುತ್ತಿದ್ದರೆ ಮೂವತ್ತೋ ನಲವತ್ತೋ ಸೆಂ.ಮೀ.ವರೆಗೆ ಬಿಡಿ, ಒಂದು ನಿಮಿಷವಾದರೂ ಆಗಲಿ. ವೆಂಚುರಿಮೀಟರಿನಲ್ಲಿ (ನಡುವೆ ಕಿರಿದಾಗುವ ಕೊಳವೆ) ಸಿಡಿ 0.95ರಿಂದ 0.98, ಆರಿಫೀಸಿನಲ್ಲಿ (ನೀರು ಹಾಯುವ ತೂತು) 0.6ರ ಆಸುಪಾಸು ಬರುತ್ತದೆ. ವೆಂಚುರಿಯಲ್ಲಿ 1.08 ಬಂತು ಅಂತ ಅಂಕಿ ತಿದ್ದಬೇಡಿ. ಒತ್ತಡದ ವ್ಯತ್ಯಾಸ ತೋರಿಸುವ ಮ್ಯಾನೋಮೀಟರ್ ಕೊಳವೆಯಲ್ಲಿ ಗಾಳಿ ಇದೆಯಾ ನೋಡಿ, ಬಿಟ್ಟು, ಮತ್ತೆ ಓದಿ. ಮ್ಯಾನೋಮೀಟರಿನ ಪಾದರಸದ ಮಟ್ಟಗಳ ವ್ಯತ್ಯಾಸವನ್ನು 12.6ರಿಂದ ಗುಣಿಸಬೇಕು, ಪಾದರಸ ನೀರಿಗಿಂತ ಎಷ್ಟು ಪಟ್ಟು ಭಾರವೋ ಆ 13.6ರಿಂದ ಅಲ್ಲ. ಪಾದರಸದ ಮೇಲೆ ನೀರೂ ಕೂತಿದೆ, ಅದಕ್ಕೆ ಒಂದು ಕಳೆಯಬೇಕು. ಇದನ್ನು ಮರೆತರೆ ಸಿಡಿ ನೂರಕ್ಕೆ ನಾಲ್ಕು ಕಡಿಮೆ ಬರುತ್ತದೆ.

ಬೆಂಗಳೂರು ಸಮುದ್ರ ಮಟ್ಟದಲ್ಲಿಲ್ಲ

ಪುಸ್ತಕದ ಅಂಕಿಗಳನ್ನು ಹಾಗೇ ಹಾಕುವ ಮುಂಚೆ ಒಮ್ಮೆ ನಿಲ್ಲಿ. ನಾವು ಸುಮಾರು 920 ಮೀಟರ್ ಎತ್ತರದಲ್ಲಿದ್ದೇವೆ. ಇಲ್ಲಿ ಗುರುತ್ವ 9.78, ಪುಸ್ತಕದ 9.81 ಅಲ್ಲ. ನೀರಿನ ಪ್ರಯೋಗಕ್ಕೆ ಇದರಿಂದ ಅಷ್ಟೇನೂ ನಷ್ಟವಿಲ್ಲ. ಗಾಳಿಯ ಪ್ರಯೋಗಕ್ಕೆ ಇದೆ. ವಾಯುಭಾರ 760 ಮಿ.ಮೀ. ಬದಲು 685ರ ಹತ್ತಿರ ಇರುತ್ತದೆ, ಗಾಳಿಯ ಸಾಂದ್ರತೆ 1.225 ಬದಲು 1.07ರ ಆಸುಪಾಸು. ಪೀಟೋ ಕೊಳವೆಯಿಂದ ಗಾಳಿಯ ವೇಗ ತೆಗೆಯುವವರು ಪುಸ್ತಕದ ಅಂಕಿ ಹಾಕಿದರೆ ಉತ್ತರ ನೂರಕ್ಕೆ ಏಳು ಕಡಿಮೆ ಬರುತ್ತದೆ.

ಯೂನಿಟ್ ಬದಲಾಯಿಸುವ ಅಭ್ಯಾಸಕ್ಕೆ ನ್ಯೂಸ್ ಪೇಪರ್ ಸಾಕು. 2024ರ ಅಕ್ಟೋಬರಿನಲ್ಲಿ ಶುರುವಾದ ಕಾವೇರಿ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರಿನದು. ಸೆಕೆಂಡಿಗೆ ಎಷ್ಟು? 86,400ರಿಂದ ಭಾಗಿಸಿದರೆ ಸುಮಾರು 9,000 ಲೀಟರ್. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28.3 ಲೀಟರ್, ಹಾಗಾಗಿ ಸುಮಾರು 317 ಕ್ಯೂಸೆಕ್. 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಕೆಆರ್‌ಎಸ್ ಒಳಹರಿವಿನ ಸುದ್ದಿ ಬಂದಾಗ ನೀವೇ ಲೆಕ್ಕ ಹಾಕಿ ನೋಡಿ.

ರೆಕಾರ್ಡ್ ಬರೆಯುವಾಗ ಕ್ಯಾಲ್ಕುಲೇಟರ್ ತೋರಿಸಿದ 0.97143625 ಪೂರ್ತಿ ಇಳಿಸಬೇಡಿ. ನಿಮ್ಮ ಎತ್ತರ ಮಿ.ಮೀ. ಲೆಕ್ಕದಲ್ಲಿದೆ, ಸಮಯ 0.1 ಸೆಕೆಂಡಿನಲ್ಲಿದೆ. 0.97 ಅಂತ ಬರೆಯಿರಿ. ಪಕ್ಕದಲ್ಲಿ ನೀರಿನ ಉಷ್ಣತೆ, ತಕ್ಕಡಿ ತೋರಿಸುವ ಅತಿ ಚಿಕ್ಕ ಅಂಕಿ, ಟ್ಯಾಂಕಿನ ಅಳತೆ ತೆಗೆದವರ ಹೆಸರು ಇರಲಿ. ಮೂರು ಓದುಗಳಲ್ಲಿ ಒಂದು ದೂರ ಹೋಗಿದ್ದರೆ ಅದನ್ನು ಅಳಿಸಬೇಡಿ. ಅದರ ಮೇಲೆ ಒಂದೇ ಗೆರೆ ಎಳೆದು, ಯಾಕೆ ಬಿಟ್ಟಿರಿ ಅಂತ ಪಕ್ಕದಲ್ಲಿ ಬರೆಯಿರಿ, ಕನ್ನಡದಲ್ಲಾದರೂ ಸರಿ.